ಪರದೆ

ಮೊದಲು ಮಗುವನ್ನು ಅಳಿಸುತ್ತಾಳೆ ಲಿಯೊನಿಲ್ಡ.
ಅಳಿಸುವುದು: ನನ್ನ ನುಡಿಯಲ್ಲಿ ಅದಕ್ಕೆ ಎರಡರ್ಥ.
ಎರಡನೆಯದನ್ನು ಆಗಲೇ ಬೇರೊಬ್ಬ ಮಾಡಿ ಮುಗಿಸಿದ್ದಾನೆ.

ಚೌಕಟ್ಟಿನ ನಡುವೆ ಈಗ ಬೂದು ತೇಪೆ.
ಸುತ್ತ ಉಳಿದದ್ದು
ಒಂದು ಸ್ವಿಚ್ಚು, ಗೋಡೆಗೆ ತೇವದ ಕಲೆ,
ಕಿಟಕಿ, ಕಿಟಕಿಗೆ ಹಸಿರು ಬಟ್ಟೆ,
ಬಟ್ಟೆ ತುಂಬ ಬಾತುಕೋಳಿ.
ಪರದೆಯ ಮೇಲೊಂದು ಪರದೆ.

ಪೋರ್ಟೊ ನಗರದ ಪೊಲೀಸ್ ಕಟ್ಟಡ, ನಾಲ್ಕನೇ ಮಹಡಿ.
ಬಾಗಿಲ ಗಾಜಿಗೆ ಒಳಗಿನಿಂದ ಕಾಗದ ಅಂಟಿಸಿದ್ದಾರೆ,
ಕಸ ಗುಡಿಸುವವರೂ ಇಣುಕದಂತೆ.
ಹನ್ನೊಂದು ತಿಂಗಳಿಂದ ಬರುತ್ತಿದೆ ಅದೇ ಕೋಣೆ.
ಬಾತುಗಳು ಇದ್ದಷ್ಟೇ ಇವೆ.
ಬೂದು ತೇಪೆಯನ್ನು ಮಾತ್ರ
ಪ್ರತಿ ಸಲವೂ ಒಂದಿಷ್ಟು ಉದ್ದ ಮಾಡಬೇಕು.

ಫಿರ್ಮಿನೊ ಕೈಚೆಲ್ಲುತ್ತಾನೆ:
ಹೆಜ್ಜೆಗುರುತು ಒರೆಸುತ್ತಾನೆ ಕಣೇ,
ಹತ್ತು ದೇಶ ಸುತ್ತಿಸಿ ಕಳಿಸುತ್ತಾನೆ.
ಹೌದು, ಅನ್ನುತ್ತಾಳೆ ಅವಳು.
ಪರದೆ ಬದಲಿಸೋದು ಹೊಳೆದಿಲ್ಲ ಅವನಿಗೆ.

ಅಂಗೈಯಗಲದ ಚೂರು ಕತ್ತರಿಸಿಕೊಂಡು
ಆವೆ ನದಿಯ ದಂಡೆಗೆ ಹೊರಟಳು,
ಮುಚ್ಚಿದ ಗಿರಣಿಗಳ ಊರುಗಳಿಗೆ.
ಗುಮಾಸ್ತರು ತಲೆಯಾಡಿಸಿದರು.
ಒಬ್ಬ ಚೀನಾದ್ದು ಅಂದ. ಒಬ್ಬ ಊಟಕ್ಕೆ ಕರೆದ.

ನಾಲ್ಕನೇ ದಿನ ಅದೊಸಿಂದಾ ಕಿಂಟೆಲ, ಎಪ್ಪತ್ತನಾಲ್ಕು,
ಒಲೆಯ ಮೇಲೆ ಹುರುಳಿಕಾಯಿ ಸೂಪು ಕುದಿಯುತ್ತಿತ್ತು.
ಚಿತ್ರವನ್ನು ತಲೆಕೆಳಗು ಮಾಡಿ ಹಿಡಿದಳು,
ಮಗ್ಗದ ಮುಂದೆ ಕೂತವರು ಬಟ್ಟೆ ನೋಡುವ ಹಾಗೆ.
'ಏಳನೇ ಮಗ್ಗ.
ಇಲ್ಲಿ ನೋಡು, ಪ್ರತಿ ಮೂರನೇ ಬಾತಿನ ಕೊಕ್ಕು ಒಡೆದಿದೆ.
ಹೊಕ್ಕಿನಲ್ಲಿ ಒಂದೆಳೆ ಬಿಟ್ಟುಹೋಗ್ತಿತ್ತು, ಲಾಳಿ ಸವೆದಿತ್ತು.
ಮೇಸ್ತ್ರಿಗೆ ಹೇಳಿದೆ.
ನೇಯ್ದುಹಾಕು ಅಂದ, ಯಾರು ನೋಡ್ತಾರೆ.'

ಯಾರು ನೋಡ್ತಾರೆ.
ಲಿಯೊನಿಲ್ಡ ಅದನ್ನೂ ಬರೆದುಕೊಂಡಳು.

ಆ ಬಟ್ಟೆ ಅಗ್ಗಕ್ಕೆ ಹೋಯಿತಂತೆ, ಅಷ್ಟೂ ಥಾನು,
ಎಸ್ಪಿನ್ಯೊ ಕಡಲ ಕಡೆಯ ಬೇಸಿಗೆ ವಸತಿಗಳಿಗೆ.
ಮುದುಕಿ ಮತ್ತೇನೂ ಕೇಳಲಿಲ್ಲ.
ಬಾಗಿಲವರೆಗೆ ಬಂದು ಮಾತ್ರ:
'ಇಷ್ಟು ದೂರ ಬಂದದ್ದು ಪರದೆಗಲ್ಲ, ಅಲ್ವಾ?'

ಇಪ್ಪತ್ತಾರು ಮನೆ. ಹತ್ತೊಂಬತ್ತರಲ್ಲಿ ಪರದೆ ಬದಲಾಗಿತ್ತು.
ವಿದ್ಯುತ್ ಬಿಲ್ಲು, ಬಾಡಿಗೆ ಚೀಟಿ, ನ್ಯಾಯಾಧೀಶರ ಸಹಿ,
ಬೆಳಗಿನ ಆರು ಗಂಟೆ.
ಅದೇ ಸ್ವಿಚ್ಚು. ಒತ್ತಿದರು, ದೀಪ ಹತ್ತಿತು.
ಗೋಡೆಯ ಕಲೆ ನಕಾಶೆಯಷ್ಟು ಪರಿಚಿತ.
ಯಂತ್ರ ಇನ್ನೂ ಬೆಚ್ಚಗಿತ್ತು; ಫಿರ್ಮಿನೊ ಅದರ ಮುಂದೆ ಕೂತ,
ಪ್ರತಿ ಕಡತಕ್ಕೂ ಬೆರಳಚ್ಚಿನಂಥ ಉದ್ದನೆಯ ಸಂಖ್ಯೆ ತೆಗೆದು
ಮೊಹರು ಹಾಕಿ, ಹೊತ್ತು ಬರೆದು, ಸಹಿ ಮಾಡಿ, ಮತ್ತೆ ಬರೆದು.
ಸಮವಸ್ತ್ರವಿಲ್ಲದ ಹೆಂಗಸೊಬ್ಬಳು
ನೆಲದ ಮೇಲೆ ಮಂಡಿಯೂರಿ ಕಾದಳು,
ಶೂ ದಾರ ತಾನೇ ಕಟ್ಟಿಕೊಳ್ಳುತ್ತೇನೆಂದ ಮಗುವಿಗೆ
ಬೇಕಾದಷ್ಟು ಹೊತ್ತು.

ಹದಿನಾಲ್ಕು ತಿಂಗಳ ಮೇಲೆ ಕೋರ್ಟು.
ಎದುರು ವಕೀಲ ನಕ್ಕ:
ಹಸಿರು ಪರದೆ ನಮ್ಮ ಅಜ್ಜಿಯ ಮನೆಯಲ್ಲೂ ಇತ್ತು.
ಅದೊಸಿಂದಾ ಕನ್ನಡಕ ಏರಿಸಿದಳು.
ಬಟ್ಟೆ ಹತ್ತಿರ ತನ್ನಿ ಅಂದಳು.
ಗಂಟು ಬಿದ್ದ ಬೆರಳು ಬಾತಿನಿಂದ ಬಾತಿಗೆ ಸರಿದು
ಒಂದು ಕಡೆ ನಿಂತಿತು.
'ಇದು ನನ್ನ ತಪ್ಪು,' ಅಂದಳು, ಮೈಕು ಬೇಕಾಗದ ದನಿಯಲ್ಲಿ.
'ಈ ಕೈಯಲ್ಲೇ ಆದದ್ದು. ನನಗೆ ಗುರುತು ಸಿಗದೆ ಇರುತ್ತಾ?'

ಕಟಕಟೆಯೊಳಗಿದ್ದವನು ಆಗ ಮೊದಲ ಸಲ
ಆ ಪರದೆಯನ್ನು ನೋಡಿದ.

ಎಷ್ಟು ವರ್ಷ ಕೊಟ್ಟರೆಂದು ಕೇಳಬೇಡಿ,
ಸಾಲದು ಅಂತಲೇ ಅನ್ನಿಸುತ್ತದೆ.
ಲಿಯೊನಿಲ್ಡ ಆ ಸಂಜೆ ಬಸ್ಸು ಹತ್ತದೆ ನಡೆದಳು.
ಮಗು ಎಲ್ಲಿದೆಯೆಂದು ಅವಳಿಗೂ ಹೇಳುವುದಿಲ್ಲ, ಅದು ನಿಯಮ.
ಬಾಯಿ ತಪ್ಪಿ ಒಂದು ಮಾತು ಮಾತ್ರ ಬಂದಿತ್ತು,
ಕಾರಿಡಾರಿನಲ್ಲಿ, ಕಾಫಿ ಯಂತ್ರದ ಸದ್ದಿನ ನಡುವೆ:

ಹೊಸ ಮನೆಯಲ್ಲಿ ಚೆನ್ನಾಗಿ ಉಣ್ಣುತ್ತದಂತೆ.
ಕಿಟಕಿಗೆ ಏನೂ ಹಾಕಬೇಡಿ ಅಂದಿದೆಯಂತೆ.