ಬಾಲದವನ ಎಣಿಕೆ

ಹನ್ನೆರಡು ತಲೆ.
ಡಿಯರ್‌ಬಾರ್ನ್ ಬೀದಿಯ ಮೂಲೆಯಲ್ಲಿ ಎಣಿಸಿಕೊಂಡೆ,
ಟೊಪ್ಪಿಯವರನ್ನು ಸೇರಿಸಿ, ಹೆಗಲೇರಿದ ಮಗುವನ್ನು ಬಿಟ್ಟು.
ಮುಂದೆ ವಿಲ್ಮಟೀನ್ ಗ್ರೇವ್ಸ್, ಎಪ್ಪತ್ತೊಂದು ತುಂಬಿದವಳು,
ಮಡಚಿದ ಕೆಂಪು ಕೊಡೆಯೇ ಅವಳ ಬಾವುಟ.
ಹಿಂದೆ ನಾನು, ಬಾಲ.
ಸಿಗ್ನಲ್ಲಿನಲ್ಲಿ ಸಾಲು ಹರಿಯದಂತೆ
ಹೊಲಿಗೆ ಹಾಕುತ್ತ ನಡೆಯುವುದಷ್ಟೇ ಕೆಲಸ.

ಇದೇ ಬೀದಿಗಳಲ್ಲಿ ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದೆ.
ಮುಂಗಾಜಿನ ಮೇಲಂಚಿಗೆ ಶಿಕಾಗೋ ಮುಗಿಯುತ್ತಿತ್ತು:
ಎರಡನೇ ಅಂತಸ್ತು, ಹೆಚ್ಚೆಂದರೆ ಮೂರು.
ಅದರಾಚೆ ಏನಿತ್ತೋ, ಪಾರಿವಾಳಗಳಿಗೆ ಗೊತ್ತು.

"ಮೊದಲು ಬುಡ ನೋಡಿ," ಅನ್ನುತ್ತಾಳೆ ವಿಲ್ಮಟೀನ್.
ಎಲ್ಲರೂ ಆಗಲೇ ಕತ್ತೆತ್ತಿ ಬಾಯಿ ತೆರೆದಿದ್ದಾರೆ.
"ಹದಿನಾರು ಅಂತಸ್ತು. ಇಟ್ಟಿಗೆಯ ಮೇಲೆ ಇಟ್ಟಿಗೆ.
ಬುಡದ ಗೋಡೆ ಆರಡಿ ದಪ್ಪ.
ಊರಿನ ಮಣ್ಣು ಜೌಗು, ಕಟ್ಟಡ ತನ್ನ ಭಾರಕ್ಕೆ ತಾನೇ
ಮೊಳಕ್ಕೂ ಮಿಕ್ಕಿ ಕುಸಿದು ಕೂತಿದೆ."
ಮುಗಿಲಿಗೆಂದು ಹೊರಟದ್ದು
ಮೊದಲು ಮಾಡಿದ್ದು ಇದು.
ಯಾರೋ ಒಬ್ಬ ಗೋಡೆಯನ್ನು ತಟ್ಟಿದ,
ಸಂತೆಯಲ್ಲಿ ಎತ್ತಿನ ಬೆನ್ನು ತಟ್ಟುವ ಹಾಗೆ.

ವೆಲ್ಸ್ ಬೀದಿಯಲ್ಲಿ ತಲೆಯ ಮೇಲೆಯೇ ರೈಲು.
"ಇಲ್ಲಿಂದ ಗೋಡೆ ಭಾರ ಹೊರುವುದಿಲ್ಲ. ಹೊರುವುದು ಉಕ್—"
ಎಂಟು ಬೋಗಿ ದಡದಡಿಸಿ ದಾಟುವ ತನಕ
ಅವಳ ಬಾಯಿ ಅಲ್ಲೇ, ಆ ಅಕ್ಷರದ ಮೇಲೆ, ತೆರೆದೇ ಇತ್ತು.
"—ಕು," ಎಂದಳು ಆಮೇಲೆ.
"ಒಳಗೆ ಎಲುಬು. ಹೊರಗಿನದು ಬರೀ ಅಂಗಿ."

ಹನ್ನೊಂದು.
ಒಬ್ಬ ಕಾಫಿಗೆ ನುಗ್ಗಿದ್ದ. ಎಳೆದು ತಂದೆ. ಹನ್ನೆರಡು.

ಹೆಸರು ಮೂರು ಸಲ ಬದಲಾದ ಬ್ಯಾಂಕಿನ ಮೊಗಸಾಲೆ.
ಕಾವಲಿನವನು ಹತ್ತು ನಿಮಿಷ ಕೊಟ್ಟ, ಗಡಿಯಾರ ನೋಡುತ್ತ.
ಅಮೃತಶಿಲೆ, ಹಿತ್ತಾಳೆಯ ಲಿಫ್ಟು, ಕಂಬಕ್ಕೆ ಆತುಕೊಂಡು
ಉದ್ದಕ್ಕೂ ಗಾಜಿನ ಅಂಚೆಕೊಳವೆ.
ಮೇಲೆ ಯಾರೋ ಹಾಕಿದ ಕಾಗದ
ಪ್ರತಿ ಅಂತಸ್ತಿನವರ ಕಣ್ಣೆದುರೇ ಸರ್ರನೆ ಇಳಿಯುತ್ತಿತ್ತು.
"ನಮ್ಮಮ್ಮ ಒಂಬತ್ತನೇ ಅಂತಸ್ತಿನ ನೆಲ ಒರೆಸುತ್ತಿದ್ದಳು,
ರಾತ್ರಿ ಹತ್ತರಿಂದ ಆರು.
ಎರಡು ಗಂಟೆಗೆ ಒಂದು ಲಕೋಟೆ ಬಿದ್ದರೆ
ಮೇಲೆ ಇನ್ನೂ ಯಾರೋ ಇದ್ದಾರೆ ಅಂತ ಧೈರ್ಯವಂತೆ."

ನನ್ನ ಜೇಬಿನಲ್ಲಿ ಸಂಘದವರ ಪಾಠದ ಹಾಳೆ.
ಶೈಲಿ, ಇಸವಿ, ಎತ್ತರ, ಎಲ್ಲ ಇದೆ.
ಈ ಮಾತು ಅದರಲ್ಲಿಲ್ಲ.
ತಪ್ಪಿದ ಕಡೆ ಗುರುತು ಹಾಕು ಎಂದಿದ್ದರು ನನಗೆ.
ಪೆನ್ನು ತೆಗೆದೆ, ಮತ್ತೆ ಒಳಗಿಟ್ಟೆ.

ಹೊರಗೆ ಬಂದು ಅವಳು ಚೀಲದಿಂದ
ಸಿಂಹದ ಒಂದು ಕಿವಿ ತೆಗೆದಳು.
ಸುಟ್ಟ ಮಣ್ಣು, ಕೆನೆ ಬಣ್ಣದ ಹೊಳಪು.
ರಿಪೇರಿಯ ಕಾಲದಲ್ಲಿ ಉದುರಿದ್ದಂತೆ, ಹನ್ನೊಂದನೇ ಅಂತಸ್ತಿನಿಂದ.
"ತಿರುಗಿಸಿ ನೋಡಿ."
ಹಿಂದೆ ಟೊಳ್ಳು. ಟೊಳ್ಳಿನ ತುಂಬ
ಅಚ್ಚಿಗೆ ಹಸಿ ಮಣ್ಣು ಒತ್ತಿದವನ ಹೆಬ್ಬೆರಳಿನ ಗುಳಿಗಳು,
ಹಿಟ್ಟು ಮಿದ್ದಿಟ್ಟ ಹಾಗೆ ಸಾಲುಸಾಲು.
ಬೀದಿಯವರಿಗೆ ಸಿಂಹ. ಇವನಿಗೆ ಇಷ್ಟೇ.

ಕೈಯಿಂದ ಕೈಗೆ ಹೋಯಿತು ಕಿವಿ.
ಎಲ್ಲರೂ ಹೆಬ್ಬೆರಳು ಇಟ್ಟು ನೋಡಿದರು.
ಮಗುವಿನದು ಮುಳುಗಿಯೇ ಹೋಯಿತು.
ಸ್ಟಿಯರಿಂಗ್ ಹಿಡಿದು ಬಾಗಿದ ನನ್ನದು
ಒಂದು ಬದಿಗೆ ಕೂತಿತು, ಇನ್ನೊಂದು ಬದಿಗೆ ಇಲ್ಲ.

ಹದಿಮೂರು.
ಮತ್ತೆ ಎಣಿಸಿದೆ. ಹದಿಮೂರೇ.
ನನಗೂ ಹಿಂದೆ, ಬಾಲದ ಬಾಲಕ್ಕೆ,
ಮೊಗಸಾಲೆಯಲ್ಲಿ ಬಕೆಟ್ಟು ಬಿಟ್ಟು ಬಂದಿದ್ದಳು
ಬೂದು ಅಂಗಿಯ ಹೆಂಗಸು. ಎದೆಯ ಬಿಲ್ಲೆಯಲ್ಲಿ ಹೆಸರು: ಇರ್ಮಿನಾ.
ಏನೂ ಕೇಳಲಿಲ್ಲ. ಕಿವಿ ಅವಳ ಕೈಗೂ ಬಂತು.
ಅವಳು ಬೆರಳು ಇಡಲಿಲ್ಲ.
ಅಂಗಿಯ ಚುಂಗಿನಿಂದ ಗುಳಿಗಳ ಧೂಳು
ಒಂದೊಂದಾಗಿ ಒರೆಸಿ
ವಾಪಸು ಕೊಟ್ಟಳು.

ಹಾಳೆಯ ಕೆಳಗೆ ಬಂದವರು ಎಷ್ಟು ಎಂಬ ಖಾನೆ.
ಹನ್ನೆರಡನ್ನು ಹೊಡೆದು ಹಾಕಿದೆ.
ಅಷ್ಟರಲ್ಲಿ ದೀಪ ಹಸಿರಾಯಿತು,
ಕೆಂಪು ಕೊಡೆ ಬೀದಿಗಿಳಿಯಿತು.