ಎಂಟೋ, ಬೀಯೋ

ಅರವತ್ತೆರಡಕ್ಕೆ ಬಂದಿತ್ತು ಹಸಿರು ಪಟ್ಟಿ.
ಅರವತ್ತಮೂರು ಆಗಲಿಲ್ಲ.
ಪಕ್ಕದ ಬೇಕರಿಯಲ್ಲಿ ಬೋಂದೋ
ಹಿಟ್ಟು ನಾದುವ ಯಂತ್ರದ ಗುಂಡಿ ಒತ್ತಿದ.
ನಮ್ಮ ಬಲ್ಬು ಒಮ್ಮೆ ಕಣ್ಣು ಮಿಟುಕಿಸಿತು,
ಕಂಪ್ಯೂಟರು ಕಪ್ಪಾಯಿತು,
ಡ್ರೈವು ಅರ್ಧ ಮಾತು ನುಂಗಿಕೊಂಡು
ತೆಪ್ಪಗಾಯಿತು.

ಕುತಾಯ್ಸಿಯ ಈ ನೆಲಮಾಳಿಗೆಯಲ್ಲಿ
ಜನವರಿಯ ನಸುಕು, ಗಂಟೆ ನಾಲ್ಕೂವರೆ.
ಮೂವತ್ತು ವರ್ಷ ಟೀವಿ ರಿಪೇರಿ ಮಾಡಿದವಳು ನಾನು, ಏತೇರಿ.
ಟೀವಿ ಸತ್ತರೆ ಸುಟ್ಟ ವಾಸನೆ ಬರುತ್ತಿತ್ತು;
ಆಗೆಲ್ಲ ಮೂಗೇ ಅರ್ಧ ವಿದ್ಯೆ.
ಇದು ಹಾಗಲ್ಲ. ಸುಡುವುದಿಲ್ಲ, ಊದುವುದಿಲ್ಲ,
ಒಂದೊಂದು ತಂತಿಯೂ ನೆಟ್ಟಗಿದ್ದು
ತಾನು ಯಾರೆಂಬುದನ್ನು ಮಾತ್ರ ಮರೆತು ಕೂರುತ್ತದೆ.

"ನಾನೇನೂ ಮುಟ್ಟಲಿಲ್ಲ" ಅಂದ ಗೋಚಾ.
ಹದಿನೇಳು ವರ್ಷ. ತಪ್ಪು ಮಾಡದಿದ್ದಾಗಲೂ
ಕಿವಿ ಕೆಂಪಾಗುವ ಹುಡುಗ.
"ಗೊತ್ತು ಮಾರಾಯ. ಕೀಲಿ ಎಲ್ಲಿ?"

ಕೀಲಿ ಎಂದರೆ ಕಬ್ಬಿಣದ್ದಲ್ಲ,
ಅಂಕಿ ಅಕ್ಷರ ಬೆರೆತ ಮೂವತ್ತೆರಡರ ಸಾಲು.
ಆಟದ ಯಂತ್ರಕ್ಕೂ ಅದರ ಡ್ರೈವಿಗೂ
ಕಾರ್ಖಾನೆಯಲ್ಲೇ ಕಿವಿಯಲ್ಲಿ ಊದಿ ಕಳಿಸಿದ ಗುಟ್ಟು.
ಬೇರೆಯವರ ಡ್ರೈವು ತಂದಿಟ್ಟರೆ ಒಲ್ಲೆ ಅನ್ನುತ್ತದೆ.
ತನ್ನದೇ ಡ್ರೈವು ಗುಟ್ಟು ಮರೆತು ಬಂದರೂ
ಒಲ್ಲೆ.
ಹಳೆಯದನ್ನು ಅಳಿಸುವ ಮುನ್ನ ಓದಿಕೊಂಡಿದ್ದೆವು, ಪರದೆಯ ಮೇಲೆ.
ಉಳಿಸಿರಲಿಲ್ಲ.

ಗೋಚಾ ಜೇಬಿನಿಂದ ತೆಗೆದ
ಬೋಂದೋನ ಚೀಸು ರೊಟ್ಟಿ ಸುತ್ತಿದ್ದ ಕಾಗದ.
ಅದರ ಮೇಲೆ ಪೆನ್ಸಿಲಿನಲ್ಲಿ, ಪುಣ್ಯಾತ್ಮ, ಮೂವತ್ತೆರಡು!
ಅಲ್ಲ. ಮೂವತ್ತೊಂದು,
ಮತ್ತೆ ಒಂದು ಬೆಣ್ಣೆಯ ಕಲೆ.
ಹತ್ತೊಂಬತ್ತನೆಯದು
ಎಂಟೋ, ಬೀಯೋ.

ಅದು ಆಮೇಲಿನ ಮಾತು. ಮೊದಲು ಬಾಯಿ ಬಿಡಿಸಬೇಕು.
ತಲೆಯ ಪಿನ್ನು ಕಿತ್ತು ಸಣ್ಣ ತೂತಿಗೆ ತೂರಿಸಿ
ತಟ್ಟೆಯನ್ನು ಅರ್ಧ ಹೊರಗೆಳೆದು,
ಅರ್ಧದಲ್ಲೇ ಬಿಟ್ಟು,
ಕರೆಂಟು ಕೀಳಬೇಕು, ಚುಚ್ಚಬೇಕು.
ರೆಪ್ಪೆಯಷ್ಟು ಮುಂಚೆಯಾದರೆ ಇಲ್ಲ,
ರೆಪ್ಪೆಯಷ್ಟು ತಡವಾದರೆ ಇಲ್ಲ.
ಹದಿನಾಲ್ಕು ಸಲ ಅದೇ ಸಾಲು ಪರದೆಯಲ್ಲಿ:
ಸಾಧನ ಉತ್ತರಿಸುತ್ತಿಲ್ಲ.
"ನನ್ನ ಕೈ ಮುದಿಯಾಯಿತು. ನೀನು ಹಿಡಿ."
ಇಪ್ಪತ್ತಮೂರನೆಯ ಸಲ ಅವನ ಕೈಯಲ್ಲಿ
ಡ್ರೈವು ಏನೋ ಕಸಮುಸ ಅಂದಿತು.
ಹೆಸರಲ್ಲ. ಪರವಾಗಿಲ್ಲ,
ಮೂರ್ಛೆ ತಿಳಿದವರು ಮೊದಲು ಹೆಸರು ಹೇಳುವುದಿಲ್ಲ,
ನೀರು ಕೇಳುತ್ತಾರೆ.

ಗೋಡೆ ಬಡಿದೆ. "ಬೋಂದೋ! ಹತ್ತು ನಿಮಿಷ ಯಂತ್ರ ನಿಲ್ಲಿಸು!"
"ಊರು ರೊಟ್ಟಿಗೆ ಕಾಯುತ್ತದೆ ಏತೇರಿ!"
"ಏಳು!"
"ಐದು. ಆರಾದರೆ ಹಿಟ್ಟು ನಿನ್ನ ಮನೆಗೆ ಕಳಿಸುತ್ತೇನೆ!"
ಆಮೇಲೆ ಗೋಡೆಯಾಚೆಯಿಂದ
ಧಪ್, ಧಪ್,
ಮನುಷ್ಯನ ಅಂಗೈ, ಮರದ ತೊಟ್ಟಿ.
ಇತ್ತ ಅರವತ್ತೆರಡು, ಅರವತ್ತಮೂರು,
ಎಂಬತ್ತರಲ್ಲಿ ಸುಮ್ಮನೆ ನಿಂತು ನಮ್ಮ ಜೀವ ತಿಂದು,
ನೂರು.

ಎಂಟು ಹಾಕಿದ್ದೆವು.
ಫುಟ್‌ಬಾಲಿನ ಡಿಸ್ಕು ತಿರುಗಿತು, ಬಣ್ಣ ಬಂತು,
ನೀಲಿ ಪರದೆಯಲ್ಲಿ ನಾಲ್ಕು ಭಾಷೆಯಲ್ಲಿ ವಿನಯದಿಂದ ಬರೆದಿತ್ತು:
ದಯವಿಟ್ಟು ಈ ಡಿಸ್ಕನ್ನು ಆಟದ ಯಂತ್ರದಲ್ಲಿ ಹಾಕಿ.
ಹೇಳಿದ್ದು ಆಟದ ಯಂತ್ರವೇ.
ನಾನು ನಕ್ಕೆ. ಗೋಚಾ ನಗಲಿಲ್ಲ.
ಒಂಬತ್ತಕ್ಕೆ ಲಾಮಾರಾ ಬರುತ್ತಾಳೆ. ಅವಳ ಅಂಗಡಿಯಲ್ಲಿ
ಅರ್ಧ ಗಂಟೆಗಿಷ್ಟು ಅಂತ ಆಡಿಸುವ ನಾಲ್ಕು ಯಂತ್ರ,
ಅದರಲ್ಲಿ ಇದೇ ಕಿಟಕಿಯ ಪಕ್ಕದ್ದು,
ಹುಡುಗರು ಜಗಳಾಡುವುದು ಇದಕ್ಕೇ.

ಮತ್ತೆ ಪಿನ್ನು. ಮತ್ತೆ ಅರ್ಧ ತಟ್ಟೆ.
ಈ ಸಲ ಒಂಬತ್ತಕ್ಕೇ ಕೈ ಕೂಡಿತು.
ಮತ್ತೆ ಗೋಡೆ. ಬೋಂದೋ ಬೈದದ್ದನ್ನು ಇಲ್ಲಿ ಬರೆಯಲಾರೆ,
ಆದರೆ ಯಂತ್ರ ನಿಂತಿತು.
ಧಪ್, ಧಪ್.
ಬೀ ಹಾಕಿ ಒತ್ತಿದೆವು.

ಪಟ್ಟಿ ನಲವತ್ತಕ್ಕೆ ಬಂದಾಗ
ಕಾಗದವನ್ನು ಬಲ್ಬಿಗೆ ಹಿಡಿದು ನೋಡುತ್ತಿದ್ದ ಗೋಚಾ
ಮೆಲ್ಲಗೆ ಕೇಳಿದ:
"ಡೀ ಇರಬಹುದಾ?"
ಕಿವಿ ಕೆಂಪಾಗಿತ್ತು.