ಇವತ್ತು ಏನು ಬಣ್ಣ

ಹ್ಯಾಗ್ಡೌನ್ ಕೋವ್‌ನಲ್ಲಿ ಬಣ್ಣ ಎಂದರೆ
ದೋಣಿಗೆ ಬಳಿದು ಉಳಿದದ್ದು.
ಡಬ್ಬಿಯ ತಳದಲ್ಲಿ ಕೆನೆಗಟ್ಟಿದ ಹಸಿರು,
ಯಾರದೋ ಬಾಗಿಲ ಕೆಂಪು, ಇಗರ್ಜಿಯ ಕಿಟಕಿಗೆ ಹೊಡೆದ ಬಿಳಿ.
ಅದನ್ನೇ ಬೇಡಿ ತರುತ್ತಿದ್ದರು ಸಿಸ್ಟರ್ ಪರ್ಪೆಚುವಾ,
ಮನೆಮನೆ ತಿರುಗಿ, ಕರಿ ನಿಲುವಂಗಿಯ ಅಂಚಿಗೆ
ಹಿಮದ ಕೆಸರು ಮೆತ್ತಿಸಿಕೊಂಡು.
ನಮ್ಮಪ್ಪ ಅರ್ಧ ಡಬ್ಬಿ ಹಳದಿ ಕೊಟ್ಟ,
ಸಂಕೋಚಕ್ಕೆ ಜೊತೆಗೊಂದು ಉಪ್ಪುಮೀನು.
"ಮೀನು ಬಹಳ ಆಯಿತು, ಲಿಯಾಂಡರ್.
ಇನ್ನೊಂದಿಷ್ಟು ಹಳದಿ ಇದೆಯೇ?"

ನನಗೆ ಆಗ ಒಂಬತ್ತು. ಎಡಚಿ.
ಹಿಂದಿದ್ದ ಸಿಸ್ಟರ್ ನನ್ನ ಎಡಗೈಯನ್ನು
ಕುರ್ಚಿಯ ಬೆನ್ನಿಗೆ ರಿಬ್ಬನ್ನಿನಿಂದ ಕಟ್ಟುತ್ತಿದ್ದರು.
ಒಳ್ಳೆಯ ರಿಬ್ಬನ್ನು, ಹೇಳಲೇಬೇಕು, ರೇಷ್ಮೆಯದು.
ಇವರು ಬಂದ ದಿನವೇ ಗಂಟು ಬಿಚ್ಚಿದರು.
ಏನೂ ಹೇಳಲಿಲ್ಲ. ಸುತ್ತಿ ಜೇಬಿಗೆ ಹಾಕಿಕೊಂಡರು.
ಮುಂದೆ ಅದು ಬ್ರಷ್ಷುಗಳ ಕಟ್ಟಿಗೆ ಬಂತು.

"ಸಮುದ್ರ ಬರೆಯಿರಿ" ಎಂದರು ಒಂದು ಮಧ್ಯಾಹ್ನ.
ಬರೆದೆವು. ಹದಿನಾಲ್ಕು ಹಾಳೆ, ಹದಿನಾಲ್ಕು ನೀಲಿ.
ಸಾಲಾಗಿ ಹೊರಗೆ ನಡೆಸಿದರು,
ಮೀನು ಒಣಹಾಕುವ ಅಟ್ಟದ ಅಂಚಿನವರೆಗೆ.
ಗಾಳಿಗೆ ಅವರ ತಲೆವಸ್ತ್ರ
ಕಟ್ಟು ಬಿಚ್ಚಿದ ಹಾಯಿಯ ಹಾಗೆ ಪಟಪಟ.
"ಎಲ್ಲಿದೆ ನೀಲಿ? ತೋರಿಸಿ.
ತೋರಿಸಿದವರಿಗೆ ನಾಳೆ ಗಣಿತ ಇಲ್ಲ."

ನೋಡಿದೆವು.
ಅದರ ದಡದಲ್ಲೇ ಹುಟ್ಟಿ, ಅದರದೇ ಉಂಡು,
ಒಂದು ಸಲವೂ ನೋಡಿರಲಿಲ್ಲ.
ಹಳೆ ಪಾಟಿಯ ಬಣ್ಣ ಇತ್ತು.
ಬಂಡೆಯ ಬುಡದಲ್ಲಿ ಆರಿದ ಚಹಾ.
ಮಂಜಿನ ಕೆಳಗೆ ಕಾಡ್ ಮೀನಿನ ಹೊಟ್ಟೆಯ ಬಿಳುಪು.
ಅದಕ್ಕೂ ಆಚೆ ಒಂದು ಗೆರೆ. ಸಿರಿಲ್ ಟೋಬಿನ್ ಎಂದ:
"ಅಜ್ಜಿ ಸತ್ತಾಗ ಅವಳ ಉಗುರು ಹಿಂಗೇ ಇತ್ತು."
ಯಾರೂ ನಗಲಿಲ್ಲ.
ಸಿಸ್ಟರ್ ಅವನ ತಲೆಯ ಮೇಲೆ ಕೈಯಿಟ್ಟು
"ಅದನ್ನು ಬೆರೆಸು" ಎಂದರು.

ಅವರದೇ ಚಿತ್ರಗಳಿಗೆ ಸಹಿ ಇರಲಿಲ್ಲ.
ದೇವರಿಗೆ ಕೊಟ್ಟ ಮಾತು: ತನ್ನದೆಂಬುದು ಏನೂ ಇಲ್ಲ.
ಊರು ಮಲಗಿದ ಮೇಲೂ ಕಾನ್ವೆಂಟಿನ ಅಟ್ಟದಲ್ಲಿ ಒಂದು ದೀಪ.
ಪ್ರಾರ್ಥನೆ ಮಾಡ್ತಾರೆ ಅನ್ನುತ್ತಿದ್ದಳು ಅಮ್ಮ.
ಬೆಳಗ್ಗೆ ಜಪಮಾಲೆಯ ಮಣಿಗಳಿಗೆ
ಟರ್ಪೆಂಟೈನ್ ವಾಸನೆ.
ಅಮ್ಮ ಹೇಳಿದ್ದೂ ಸುಳ್ಳಿರಲಾರದು.

ಆಮೇಲೆ ಸರ್ಕಾರ ಕಾಡ್ ಹಿಡಿಯಬೇಡಿ ಎಂದಿತು.
ದೋಣಿಗಳು ಬೋರಲು ಬಿದ್ದವು, ಬಣ್ಣ ಉಳಿಯುವುದು ನಿಂತಿತು.
ಸಿರಿಲ್ ಆಲ್ಬರ್ಟಾಕ್ಕೆ ಹೋದ, ಎಣ್ಣೆಮರಳು ತೋಡಲು.
ಶಾಲೆಯಲ್ಲಿ ಐವರು, ಮೂವರು, ಬೀಗ.
ಸಿಸ್ಟರನ್ನು ಸೇಂಟ್ ಜಾನ್ಸ್‌ಗೆ ಕರೆದೊಯ್ದರು,
ವಯಸ್ಸಾದ ಸಿಸ್ಟರುಗಳ ಮನೆಗೆ.
ಅಲ್ಲಿ ಕಣ್ಣು ಹೋಯಿತು. ಪೂರ್ತಿ ಅಲ್ಲ:
ನೋಟದ ನಟ್ಟನಡುವೆ ಒಂದು ಕಪ್ಪು ನಾಣ್ಯ,
ಸುತ್ತ ಅಂಚಿನಲ್ಲಷ್ಟೇ ಲೋಕ.

ನಾನು ಫೆರಿಯಲ್ಲಿ ಟಿಕೆಟ್ ಹರಿಯುತ್ತೇನೆ.
ಭಾನುವಾರ ಫೋನ್ ಮಾಡುತ್ತೇನೆ.
ಹೇಗಿದ್ದೀಯ ಅನ್ನುವ ಮೊದಲು
"ಇವತ್ತು ಏನು ಬಣ್ಣ?" ಅನ್ನುತ್ತಾರೆ.
ಹೇಳುತ್ತೇನೆ: ತವರದ ಬಕೆಟ್ಟಿನ ಒಳಗೋಡೆ, ಸಿಸ್ಟರ್.
ತೊಳೆದೂ ತೊಳೆದೂ ಸವೆದ ಏಪ್ರನ್.
ಹೂಂ, ಎನ್ನುತ್ತಾರೆ. ಮುಂದೆ?

ಹೋದ ವಾರ ರಾತ್ರಿಪಾಳಿ ಮುಗಿಸಿ ಬಂದಿದ್ದೆ,
ಬೂಟು ಕೂಡ ಕಳಚಿರಲಿಲ್ಲ.
"ನೀಲಿ, ಸಿಸ್ಟರ್" ಎಂದುಬಿಟ್ಟೆ.
ಆ ಕಡೆ ಯಾವುದೋ ಗಡಿಯಾರ
ನನಗೆ ಕೇಳಿಸುವಷ್ಟು ಹೊತ್ತು ಮಾತಿಲ್ಲ.
"ಪರದೆ ಸರಿಸು, ಲೊರೆಟ್ಟಾ. ಕಾಯುತ್ತೇನೆ."

ಎಡಗೈಯಲ್ಲಿ ಸರಿಸಿದೆ.
ಏನು ಮಾಡಲಿ, ಆ ದಿನ ಅದು ನೀಲಿಯೇ ಇತ್ತು,
ಈ ದಡದಿಂದ ಕಣ್ಣು ಸೋಲುವವರೆಗೆ.
ಅವರು ಕಾಯುತ್ತಿದ್ದರು.
ಎಂಥ ನೀಲಿ ಎಂದು ಹುಡುಕುತ್ತ
ಬೂಟುಗಾಲಲ್ಲೇ ನಿಂತಿದ್ದೆ.